ತಿಂಗಳಿಗೊಂದು ಕಂಟ್ರಿ

ನಮ್ಮದು ರಾಕ್ ಸಂಗೀತ ಕೇಳುವವರ ಕೂಟ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರುವುದೆಲ್ಲ ಕಂಟ್ರಿಯ ಗೋಳೇ. ಭಾನುವಾರ ಮಧ್ಯಾಹ್ನ ಮೂರಕ್ಕೆ, ಲೋಹದ ಭಾಗಗಳನ್ನು ಕಡೆಯುವ ನನ್ನ ಲೇತ್ ಶಾಪಿನ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಸೇರುತ್ತಿದ್ದೆವು. ಶಾಪು ನನ್ನದು, ಹಾಗಾಗಿ ಜೋರು ಬಾಯಿಯೂ ನನ್ನದೇ. ಎರಡನೆಯವರು ನನ್ನ ಭಾವ, ಅಕ್ಕನ ಗಂಡ. ಆಸ್ಪತ್ರೆಯ ದಂತ ವಿಭಾಗದಲ್ಲಿ ಕಟ್ಟುಹಲ್ಲು ಮಾಡುವುದು ಅವರ ಕೆಲಸ. ಮೂರನೆಯವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಾಲ್ಕನೆಯವರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಂಗಸು, ನಾವೆಲ್ಲ ಪೋಸ್ಟ್ ಮೇಡಂ ಎನ್ನುತ್ತಿದ್ದೆವು. ವಾರವಿಡೀ ತಲೆ ತಗ್ಗಿಸಿ ಠಸ್ಸೆ ಒತ್ತುವ ಆಕೆ, ಡ್ರಮ್ಸ್ ಶುರುವಾಯಿತೆಂದರೆ ಕುರ್ಚಿಯ ಕೈ ಮುರಿಯುವ ಹಾಗೆ ತಾಳ ಹಾಕುತ್ತಿದ್ದರು.

ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರ್, ಒಂದು ಟೇಪ್ ರೆಕಾರ್ಡರ್, ಡಿಸ್ಕುಗಳ ಕಪಾಟು, ಮಧ್ಯೆ ಹಳೆಯ ವರ್ಕ್‌ಬೆಂಚು. ಬೆಂಚಿನ ಮೇಲೆ ನಾಲ್ಕು ಸ್ಟೀಲ್ ಲೋಟ, ಚಹಾಕ್ಕೆ. ಎಷ್ಟು ಗುಡಿಸಿದರೂ ನೆಲದಲ್ಲಿ ಕಬ್ಬಿಣದ ಚೂರು ಇದ್ದೇ ಇರುತ್ತಿತ್ತು. ಚಪ್ಪಲಿ ಬಿಟ್ಟವರ ಗತಿ ಅಷ್ಟೇ.

ಅಕ್ಕ ಕೂಟದ ಸದಸ್ಯೆಯಲ್ಲ. ಭಾವನ ಜೊತೆ ಬಂದು ಮೂಲೆಯಲ್ಲಿ ಕೂತು ಪರದೆಗಳ ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದಳು. ಮನೆ, ಹೋಟೆಲು, ಆಫೀಸುಗಳ ಕಿಟಕಿಗಳಿಗೆ ಪರದೆ ಹೊಲಿಯುವುದು ಅವಳ ಕಸುಬು. ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ಆ ಹೊಲಿಗೆಯಿಂದಲೇ ನನ್ನನ್ನು ಸಾಕಿದಳು. ಇಷ್ಟೆಲ್ಲ ಮಾಡಿದವಳಿಗೆ ಇದ್ದ ಒಂದೇ ಕೆಟ್ಟ ಚಟವೆಂದರೆ ಕಂಟ್ರಿ ಸಂಗೀತ, ಅಮೆರಿಕದ ಹಳ್ಳಿಗಾಡಿನ ಹಾಡು.

"ಅಳುಬುರುಕರ ಹಾಡು ಅದು" ಎಂದು ನಾನು ರೇಗಿಸುತ್ತಿದ್ದೆ.

"ನಿಮ್ ರಾಕ್ ಕೇಳಿದ್ರೆ ಪಕ್ಕದ ಮನೇಲಿ ಜಗಳ ಆಗ್ತಿರೋ ಹಾಗಿರುತ್ತೆ" ಎನ್ನುತ್ತಿದ್ದಳು ಅವಳು, ಹಲ್ಲಿನಲ್ಲಿ ದಾರ ಕಡಿಯುತ್ತ. "ಜಗಳ ಮುಗಿದ್ಮೇಲೆ ಮನೇಲಿ ಏನಾಯ್ತು ಅಂತ ಯಾರಾದ್ರೂ ಹೇಳ್ಬೇಕಲ್ಲ? ಅದು ಕಂಟ್ರಿ."

ಕೊನೆಗೆ ಅವಳ ಕಾಟಕ್ಕೆ ಒಂದು ಕೋಟಾ ಗೊತ್ತುಮಾಡಿದೆವು. ತಿಂಗಳಿಗೊಂದು ಕಂಟ್ರಿ. ಮೇಷ್ಟ್ರು ಅದನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಮೊಳೆ ಹೊಡೆದರು. ಆಮೇಲೆ ಅದರ ಕೆಳಗೆ ತಿದ್ದುಪಡಿ ಬಂತು: ಆಲ್ಟರ್ನೇಟಿವ್ ಕಂಟ್ರಿ ಅರ್ಧ ಲೆಕ್ಕ. ಎರಡಕ್ಕೂ ಏನು ವ್ಯತ್ಯಾಸ ಎಂದು ನನ್ನ ಹೆಂಡತಿ ಚಹಾ ತಂದಾಗ ಒಮ್ಮೆ ಕೇಳಿದಳು. "ಕುದುರೆಯಿಂದ ಬಿದ್ದವನು ಕೂತು ಅತ್ತರೆ ಕಂಟ್ರಿ. ಎದ್ದು ಆಂಪ್ಲಿಫೈಯರ್‌ಗೆ ಒದ್ದರೆ ಆಲ್ಟರ್ನೇಟಿವ್" ಎಂದರು ಭಾವ. ಅವರು ಮಾತಾಡುವುದೇ ಕಡಿಮೆ, ಆಡಿದರೆ ಹೀಗೆ.

ನಿಜ ಹೇಳಬೇಕೆಂದರೆ ನಮಗೆಲ್ಲರಿಗೂ ಅದು ಇಷ್ಟವಾಗಿತ್ತು. ಬಾಯಲ್ಲಿ ಬೈಯುವುದು, ಕಾಲಲ್ಲಿ ತಾಳ ಹಾಕುವುದು. ಮೇಷ್ಟ್ರು ಪಕ್ಕಾ ರಾಕ್ ಡಿಸ್ಕು ಎಂದು ಹೇಳಿ ತಂದದ್ದರಲ್ಲಿ ಮೂರನೆಯ ಹಾಡು ಯಾವಾಗಲೂ ಕಂಟ್ರಿಯೇ ಆಗಿರುತ್ತಿತ್ತು. ಪೋಸ್ಟ್ ಮೇಡಂ ಎಲ್ಲವನ್ನೂ ಅರ್ಧ ಲೆಕ್ಕಕ್ಕೆ ಸೇರಿಸಲು ವಾದ ಹೂಡುತ್ತಿದ್ದರು. ಅಕ್ಕ ಮೂಲೆಯಲ್ಲಿ ತಲೆ ಎತ್ತದೆ ನಗುತ್ತಿದ್ದಳು.

ಅವಳು ಕಾಯಿಲೆ ಬಿದ್ದ ವರ್ಷ ನನ್ನನ್ನು ಕರೆದು ಒಂದು ಮಾತು ಕೇಳಿದಳು. ಭಾವನಿಗೆ ಒಂದು ಪೆಡಲ್ ಸ್ಟೀಲ್ ಗಿಟಾರು ಮಾಡಿಕೊಡಬೇಕು. ಕಂಟ್ರಿಯಲ್ಲಿ ಎಳೆದೆಳೆದು ಅಳುವ ಸದ್ದು ಬರುತ್ತದಲ್ಲ, ಅದು. ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ಮಲಗಿಸಿದ ವಾದ್ಯ. ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಬೇಕು, ಪಾದಕ್ಕೆ ಪೆಡಲ್ಲು, ಮೊಣಕಾಲಿಗೆ ಲೀವರ್. ಅವು ತಂತಿಯನ್ನು ಎಳೆದು ಸ್ವರವನ್ನು ಬಾಗಿಸುತ್ತವೆ.

"ಇವರ ಕೈ ಸೂಕ್ಷ್ಮ ಕಣೋ. ಬೇರೆಯವರ ಬಾಯಿಗೆ ಹಲ್ಲು ಕೂರಿಸಿ ಕೂರಿಸಿ ಅಭ್ಯಾಸ ಆಗಿದೆ" ಎಂದಳು. "ನಾನಿಲ್ದಿದ್ದಾಗ ಕೈಗೆ ಏನಾದ್ರೂ ಕೆಲಸ ಬೇಕಲ್ಲ ಇವರಿಗೆ."

ಆರು ತಿಂಗಳು ಹಿಡಿಯಿತು. ಸರಳುಗಳು, ತಿರುಪುಗಳು, ಕಾಲುಗಳು ಎಲ್ಲ ನನ್ನ ಲೇತಿನಲ್ಲೇ ಆದವು. ಮೊಣಕಾಲಿನ ಲೀವರ್ ಒಂದಕ್ಕೆ ಮಾತ್ರ ಸರಿಯಾದ ಬಾಗು ಬರಲಿಲ್ಲ. ಆಗ ಅಕ್ಕ ತನ್ನ ಹೊಲಿಗೆ ಮೆಷೀನನ್ನು ತೋರಿಸಿದಳು. ಅದರಲ್ಲೂ ಮೊಣಕಾಲಿಗೊಂದು ಲೀವರ್ ಇತ್ತು. ಎರಡು ಕೈಯೂ ಬಟ್ಟೆಯ ಮೇಲಿರುವಾಗ ಮೊಣಕಾಲಿನಿಂದ ತಳ್ಳಿದರೆ ಬಟ್ಟೆ ಒತ್ತಿ ಹಿಡಿಯುವ ಪಾದ ಮೇಲೇಳುತ್ತಿತ್ತು. "ನಾನಿನ್ನು ಹೊಲಿಯಲ್ಲ, ತಗೋ" ಎಂದಳು. ಆ ಲೀವರಿನ ಕೀಲಿನಲ್ಲಿದ್ದ ಹಿತ್ತಾಳೆ ಬುಷ್, ಅಂದರೆ ಒಳಗಿನ ಬಳೆ, ಸವೆದು ಹಾಳಾಗಿತ್ತು. ತಳ್ಳಿದಾಗ "ಕೀ", ಬಿಟ್ಟಾಗ "ಕ್ಯೂಂ". ನಾನು ಹುಟ್ಟಿ ಬೆಳೆದದ್ದೇ ಆ ಸದ್ದಿನಲ್ಲಿ. ಎಣ್ಣೆ ಹಾಕಲು ಅವಳು ಎಂದೂ ಬಿಟ್ಟವಳಲ್ಲ, ಬಿಳಿ ಪರದೆಗೆ ಕಲೆಯಾಗುತ್ತದೆಂದು. ಈಗಲಾದರೂ ಹೊಸ ಬುಷ್ ಹಾಕುತ್ತೇನೆ ಎಂದೆ.

"ಬೇಡ. ಹಾಗೇ ಇರ್ಲಿ. ಅದು ನನ್ನ ಸದ್ದು" ಎಂದಳು.

ಬುಷ್ ಬದಲಾಯಿಸದೆ ಸುಮ್ಮನಿರುವುದು ಲೇತ್ ಕೆಲಸದವನಿಗೆ ಎಂಥ ಹಿಂಸೆ ಎಂದು ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಆದರೂ ಬಿಟ್ಟೆ. ಕೂಟದವರಿಗೆ ಈ ವಾದ್ಯದ ಸುದ್ದಿ ಹೇಳಬಾರದೆಂದು ಭಾವ ಕೇಳಿಕೊಂಡರು. ಕೋಟಾ ರಟ್ಟಿನ ಕೆಳಗೆ ಕೂತು ಅಷ್ಟೆಲ್ಲ ಗೇಲಿ ಮಾಡಿದವರ ಮುಂದೆ ಅವರಿಗೆ ನಾಚಿಕೆ. ಅಕ್ಕ ಆ ವಾದ್ಯವನ್ನು ನಾಲ್ಕೈದು ಸಲ ಕೇಳಿರಬಹುದು, ಅಷ್ಟೇ. ಆಮೇಲೆ ಹೋದಳು.

ನಾನು ಅಳಲಿಲ್ಲ. ಮರುದಿನವೇ ಶಾಪು ತೆಗೆದೆ. ಜನ ಮೆಚ್ಚಿಕೊಂಡರು, ಗಟ್ಟಿ ಮನುಷ್ಯ ಎಂದರು. ಗಟ್ಟಿತನವೂ ಅಲ್ಲ, ಮಣ್ಣೂ ಅಲ್ಲ. ಅಳು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು, ಅದನ್ನು ಹೊರಗೆಳೆಯುವ ಸಾಧನ ನನ್ನ ಬಳಿ ಇರಲಿಲ್ಲ. ಭಾವ ಎಂಟು ತಿಂಗಳು ಕೂಟಕ್ಕೆ ಬರಲಿಲ್ಲ. ಬಂದಾಗ ಸರಿಯಾಗಿ ಬಿಳಿ ಲಕೋಟೆಯ ಭಾನುವಾರವಾಗಿತ್ತು.

ಆ ಭಾನುವಾರದ ಪದ್ಧತಿಯನ್ನು ಹೇಳಲೇಬೇಕು. ಊರಿನ ರೇಡಿಯೋದವರು ವರ್ಷಕ್ಕೊಮ್ಮೆ ನಮ್ಮ ಕೂಟಕ್ಕೆ ಒಂದು ಗಂಟೆ ಬಿಟ್ಟುಕೊಡುತ್ತಿದ್ದರು. ಉದ್ದಕ್ಕೂ ಡಿಸ್ಕಿನ ಹಾಡುಗಳು, ಕೊನೆಯ ಐದು ನಿಮಿಷ ಮಾತ್ರ ನಮ್ಮಲ್ಲೊಬ್ಬರು ಸ್ವಂತ ಮಾಡಿದ್ದು. ಅದನ್ನು ಆರಿಸಲು ಹಾಡು ಮಾಡಿದವರೆಲ್ಲ ತಮ್ಮ ಟೇಪನ್ನು ಹೆಸರಿಲ್ಲದ ಬಿಳಿ ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಬೇಕು. ಪ್ರತಿ ಟೇಪಿಗೂ ಲೋಟಗಳಿಗೆ ಹೊಸದಾಗಿ ಚಹಾ ಸುರಿಯಬೇಕು. ಕೇಳಿದ ಮೇಲೆ ಬೇಡವೆನಿಸಿದವರು ಚಹಾ ಮುಗಿಸಿ ತಮ್ಮ ಲೋಟ ಬೋರಲು ಹಾಕಬೇಕು, ಯಾಕೆ ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಒಂದು ಲೋಟ ಬೋರಲಾದರೂ ಹಾಡು ಸತ್ತ ಹಾಗೆ. ಬೋರಲು ಹಾಕಿದವರೇ ಎದ್ದು ಹೋಗಿ ಆ ಟೇಪನ್ನು ಅಲ್ಲೇ ಅಳಿಸಬೇಕು. ಅದು ಅಳಿಯುವಷ್ಟು ಹೊತ್ತು, ಅಂದರೆ ಹಾಡು ಎಷ್ಟು ಉದ್ದವೋ ಅಷ್ಟೂ ಹೊತ್ತು, ಉಳಿದವರು ಮಾತಿಲ್ಲದೆ ಕೂರಬೇಕು. ಇನ್ನೊಂದು ಪ್ರತಿ ಇಟ್ಟುಕೊಳ್ಳುವಂತಿಲ್ಲ. ಈ ನಿಯಮ ತಂದವನು ನಾನೇ. ರಾಕ್ ಎಂದರೆ ಧೈರ್ಯ ಬೇಕು, ಕಳೆದುಕೊಳ್ಳಲು ಹೆದರುವವನು ಭಜನೆಗೆ ಹೋಗಲಿ ಎಂದೆಲ್ಲ ಭಾಷಣ ಬಿಗಿದಿದ್ದೆ.

ಆ ವರ್ಷ ಪೆಟ್ಟಿಗೆಯಲ್ಲಿ ಮೂರು ಲಕೋಟೆ. ಮೊದಲನೆಯದು ಸೀಲಿಂಗ್ ಫ್ಯಾನಿನ ಸದ್ದಿನ ಜೊತೆ ಯಾರೋ ಗಿಟಾರು ಮೀಟಿದ್ದು. ಯಾರೋ ಏನು, ಮೇಷ್ಟ್ರೇ. ನಾಲ್ಕು ಲೋಟವೂ ಬೋರಲಾದವು. ಗುಟ್ಟು ಉಳಿಸಿಕೊಳ್ಳಲು ಪಾಪ ಅವರೂ ತಮ್ಮ ಲೋಟ ಮಗುಚಿದರು. ಎರಡನೆಯದು ನನ್ನದು. ಲೇತಿನ ಗುರ್ ಎನ್ನುವ ಸದ್ದಿನ ಮೇಲೆ ಎಲೆಕ್ಟ್ರಿಕ್ ಗಿಟಾರು ಕಟ್ಟಿದ್ದೆ. ಆರು ವರ್ಷಗಳಿಂದ ಪ್ರತಿ ಸಲವೂ ನನ್ನ ಟೇಪು ಅಳಿಯುತ್ತಿತ್ತು. ಈ ಸಲ ಬಿಡುವುದಿಲ್ಲ ಎಂದುಕೊಂಡಿದ್ದೆ.

ಮೇಡಂ ಲೋಟ ಮಗುಚಿದರು. ಮೇಷ್ಟ್ರೂ ಮಗುಚಿದರು. "ಜೋರಾಗಿದೆ, ಒಪ್ಪಿದೆ. ಆದ್ರೆ ಇವನಿಗೆ ಹೇಳೋಕೆ ಏನೂ ಇಲ್ಲ" ಎಂದರು. ನನ್ನದು ಬಿಟ್ಟರೆ ಭಾವನ ಲೋಟ ಮಾತ್ರ ನೆಟ್ಟಗಿತ್ತು. ಅದನ್ನು ನೋಡಿದೆ, ಆದರೆ ಆ ಹೊತ್ತಿನಲ್ಲಿ ಅದು ನನ್ನ ತಲೆಗೆ ಇಳಿಯಲಿಲ್ಲ. ಮೇಷ್ಟ್ರು ನನ್ನ ಟೇಪು ಅಳಿಸುವಷ್ಟು ಹೊತ್ತು ನನ್ನ ಚಪ್ಪಲಿಯನ್ನೇ ನೋಡುತ್ತ ಕೂತೆ.

ಮೂರನೆಯ ಟೇಪು ಹಾಕಿದರು. ಮೊದಲು ತಂತಿಯ ಸದ್ದು, ನಿಧಾನಕ್ಕೆ ಜಾರುತ್ತ ಬಂತು. ಆಮೇಲೆ "ಕೀ". ಸ್ವಲ್ಪ ಹೊತ್ತಿಗೆ "ಕ್ಯೂಂ".

ನಾನು ತಲೆ ಎತ್ತಿದೆ.

ಭಾವ ನನ್ನತ್ತ ನೋಡುತ್ತಿದ್ದರು, ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿದರು. ಟೇಪಿನಲ್ಲಿ ಮಾತಿರಲಿಲ್ಲ, ಪದವಿರಲಿಲ್ಲ. ನಾಲ್ಕು ನಿಮಿಷ ಹತ್ತು ಸೆಕೆಂಡು ಬರೀ ಆ ವಾದ್ಯ. ರಾಗ ಯಾವುದೆಂದು ಎರಡನೆಯ ಸುತ್ತಿಗೆ ಗೊತ್ತಾಯಿತು. ಅಕ್ಕ ಮೆಷೀನಿನ ಮುಂದೆ ಕೂತು ಗುನುಗುತ್ತಿದ್ದದ್ದು. ಯಾವ ಹಾಡೂ ಅಲ್ಲ ಅದು, ಅವಳದೇ ಏನೋ. ದಾರ ಮುಗಿದಾಗ ಅರ್ಧಕ್ಕೇ ನಿಲ್ಲಿಸುತ್ತಿದ್ದಳು, ದಾರ ಪೋಣಿಸಿ ಮತ್ತೆ ಮೊದಲಿನಿಂದ. ಬಟ್ಟೆ ತಿರುಗಿಸುವ ಮೂಲೆಯಲ್ಲಿ ಲೀವರ್ ಕಿರುಗುಟ್ಟುತ್ತಿತ್ತು. ಟೇಪಿನಲ್ಲಿ ಎಲ್ಲವೂ ಹಾಗೇ ಇತ್ತು. ಕೊನೆಯಲ್ಲಿ ರಾಗ ಅರ್ಧಕ್ಕೆ ನಿಂತಿತು, ಅಷ್ಟೇ, ಮತ್ತೆ ಶುರುವಾಗಲಿಲ್ಲ.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಮೇಷ್ಟ್ರು "ಯಾರಪ್ಪ ಇದು..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರಿಬ್ಬರ ಲೋಟಗಳು ನೆಟ್ಟಗಿದ್ದವು. ನಾನೊಬ್ಬ ಉಳಿದಿದ್ದೆ. ಸುಮ್ಮನೆ ಕೂತಿದ್ದರೆ ಸಾಕಿತ್ತು, ಮುಂದಿನ ಶನಿವಾರ ರೇಡಿಯೋದಲ್ಲಿ ಅಕ್ಕನ ಗುನುಗು ಇಡೀ ಊರಿಗೆ ಕೇಳುತ್ತಿತ್ತು.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಟೇಪು ಆಗಷ್ಟೇ ಅಳಿದಿತ್ತು, ಹೊಟ್ಟೆಕಿಚ್ಚು ಇದ್ದದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಸಿಟ್ಟು ಬೇರೆ ಇತ್ತು. ಆ ಗುನುಗು ನನ್ನದು. ಭಾವ ಬರುವುದಕ್ಕೆ ಮೊದಲೇ, ಒಂದು ಕೋಣೆಯ ಮನೆಯಲ್ಲಿ, ಮೆಷೀನಿನ ಕೆಳಗೆ ಬಟ್ಟೆ ಚೂರುಗಳ ಮೇಲೆ ಮಲಗಿ ನಾನು ಕೇಳಿದ್ದು. ಅವಳನ್ನು ಮದುವೆ ಮಾಡಿಕೊಂಡು ಕರೆದುಕೊಂಡು ಹೋದರು, ಸರಿ. ಈಗ ಅವಳಿಗಾಗಿ ಅಳುವುದನ್ನೂ ಇವರೇ ಮಾಡಿ ಮುಗಿಸಿದ್ದರು, ಅದೂ ನನ್ನ ಕೈಯಾರೆ ಮಾಡಿಕೊಟ್ಟ ವಾದ್ಯದಲ್ಲಿ, ನನಗಿಂತ ಚೆನ್ನಾಗಿ. ನನಗೆ ಒಂದು ಹನಿಯೂ ಉಳಿದಿರಲಿಲ್ಲ.

ಲೋಟದ ತಳದಲ್ಲಿ ಒಂದು ಗುಟುಕು ಚಹಾ ಇತ್ತು. ಅದನ್ನು ಕುಡಿದು ಲೋಟ ಬೋರಲು ಹಾಕಿದೆ.

"ಕಾರಣ?" ಎಂದರು ಮೇಷ್ಟ್ರು, ನಂಬಲಾಗದವರ ಹಾಗೆ.

"ಕಾರಣ ಏನ್ರೀ, ಬಾಡಿಗೆಗೆ ಅಳೋರನ್ನ ಕರೆಸಿದ ಹಾಗಿದೆ" ಎಂದೆ. "ಸತ್ತವರನ್ನ ಬೀದಿಗೆ ತಂದು ಚಪ್ಪಾಳೆ ಗಿಟ್ಟಿಸೋದು. ನೆಟ್ಟಗೆ ನಾಲ್ಕು ಸ್ವರ ನಿಲ್ಲಲ್ಲ, ಬರೀ ಜಾರುತ್ತೆ, ಸಿಂಬಳದ ಥರ. ಮಾಡಿದವರು ಯಾರೋ ಏನೋ, ಮನೇಲಿ ಬಾಗಿಲು ಹಾಕ್ಕೊಂಡು ಅಳಲಿ. ಮೇಲೆ ಈ ತಿಂಗಳ ಕಂಟ್ರಿ ಮೊದಲನೇ ವಾರವೇ ಮುಗಿದಿದೆ, ಅಲ್ಲಿ ನೋಡಿ ರಟ್ಟು."

ಮೇಷ್ಟ್ರಿಗೆ ರಟ್ಟಿನ ಮಾತಿಗೆ ನಗು ಬಂತು, ನಕ್ಕರು. ಮೇಡಂ ನಗಲಿಲ್ಲ. "ಇದನ್ನ ಅಳಿಸಲೇಬೇಕಾ?" ಎಂದು ಮೆಲ್ಲಗೆ ಕೇಳಿದರು. ನಿಯಮ ಅಂದ್ರೆ ನಿಯಮ ಎಂದೆ. ನಾನೇ ಎದ್ದು ಹೋಗಿ ಟೇಪು ಹಿಂದಕ್ಕೆ ಓಡಿಸಿ ಗುಂಡಿ ಒತ್ತಿದೆ.

ನಾಲ್ಕು ನಿಮಿಷ ಹತ್ತು ಸೆಕೆಂಡು. ಕೋಣೆಯಲ್ಲಿ ಟೇಪು ತಿರುಗುವ ಸದ್ದು ಬಿಟ್ಟರೆ ಬೇರೇನಿಲ್ಲ. ಭಾವ ನೇರವಾಗಿ ನನ್ನನ್ನೇ ನೋಡುತ್ತಿದ್ದರು. ಅವರು ಬಾಯಿ ಬಿಡುತ್ತಾರೆ, ಇದು ನಿನ್ನ ಅಕ್ಕನದು ಎನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ನನ್ನ ಬೆರಳು ನಿಲ್ಲಿಸುವ ಗುಂಡಿಯ ಹತ್ತಿರವೇ ಇತ್ತು. ಟೇಪು ಮುಗಿದು ಟಕ್ ಎಂದಿತು. ಭಾವ ಎದ್ದು, ಎಲ್ಲರಿಗೂ ಬರುತ್ತೇನೆಂದು ಹೇಳಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದರು.

ರೇಡಿಯೋದ ಕೊನೆಯ ಐದು ನಿಮಿಷಕ್ಕೆ ಯಾವುದೋ ಹಳೆಯ ಡಿಸ್ಕು ಹಾಕಿದರು. ನಾನು ತಲೆ ಎತ್ತಿದ್ದನ್ನು ಭಾವ ಗಮನಿಸಿರಲಿಕ್ಕಿಲ್ಲ, ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೆಸರಿಲ್ಲದ ಲಕೋಟೆ, ಹೆಸರಿಲ್ಲದ ತಪ್ಪು. ಹೆಂಡತಿ ಮಾತ್ರ "ಭಾವ ಯಾಕೆ ಮನೆ ಕಡೆ ತಲೆ ಹಾಕಿಲ್ಲ? ಏನಂದ್ರಿ ಅವರಿಗೆ?" ಎಂದು ಕೇಳುತ್ತಲೇ ಇದ್ದಳು. ನನ್ನ ಬಾಯಿಯ ಪರಿಚಯ ಅವಳಿಗಿತ್ತು.

ಎರಡು ತಿಂಗಳ ಮೇಲೆ ಒಂದು ಬುಧವಾರ ಬೆಳಗ್ಗೆ ಭಾವ ಶಾಪಿಗೆ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗಿಂದ ಆ ಲೀವರನ್ನು ತೆಗೆದು ಬೆಂಚಿನ ಮೇಲಿಟ್ಟರು, ಕೀಲಿನ ಸಮೇತ ಬಿಚ್ಚಿ ತಂದಿದ್ದರು.

"ಗಿಟಾರನ್ನ ಸಂಗೀತ ಶಾಲೆಗೆ ಕೊಟ್ಟೆ. ಇದು ನಿನ್ ಅಕ್ಕಂದು, ನಿನ್ನ ಹತ್ರಾನೇ ಇರ್ಲಿ" ಎಂದರು.

"ಕೂತ್ಕೊಳ್ಳಿ ಭಾವ, ಚಹಾ ತರಿಸ್ತೀನಿ" ಎಂದೆ.

ಚಹಾ ಬಂತು. ಅವರು ಕುಡಿಯುತ್ತ ಕೂತರು. ನನಗೆ ಅವರ ಮುಖ ನೋಡಲಾಗಲಿಲ್ಲ. ಕೈ ಸುಮ್ಮನಿದ್ದರೆ ಕಣ್ಣು ಆ ಕಡೆ ಹೋಗುತ್ತದೆ, ಅದಕ್ಕೇ ಲೀವರ್ ಕೈಗೆತ್ತಿಕೊಂಡೆ. ಅಲ್ಲಾಡಿಸಿದೆ. ಕೀ, ಕ್ಯೂಂ. ಬುಷ್ ಮೊಟ್ಟೆಯಾಕಾರಕ್ಕೆ ಸವೆದಿತ್ತು. ನೋಡಲು ಅಸಹ್ಯ. ಏನು ಮಾಡುತ್ತಿದ್ದೇನೆ ಎಂದು ಯೋಚಿಸಲೇ ಇಲ್ಲ. ಇಪ್ಪತ್ತೈದು ವರ್ಷದ ಅಭ್ಯಾಸ, ಸಡಿಲವಾದದ್ದು ಕೈಗೆ ಬಂದರೆ ಬಿಗಿಯಾಗಿ ಹೋಗಬೇಕು. ಕೀಲನ್ನು ಲೇತಿಗೆ ಕಟ್ಟಿ ಹಳೆಯ ಬುಷ್ಷನ್ನು ಕೊರೆದು ತೆಗೆದೆ. ಅದು ಚೂರು ಚೂರಾಗಿ ಟ್ರೇಗೆ ಬಿತ್ತು. ಹಿತ್ತಾಳೆ ಸರಳಿನಿಂದ ಹೊಸದೊಂದು ಕಡೆದು ಕೂರಿಸಿದೆ. ಹೆಚ್ಚೆಂದರೆ ಕಾಲು ಗಂಟೆ. ಭಾವ ನೋಡುತ್ತಲೇ ಇದ್ದರು. ಲೇತ್ ಆರಿಸಿದ ಮೇಲೆ ಲೀವರನ್ನು ತಳ್ಳಿ ತೋರಿಸಿದೆ, ಹೊಗಳಲಿ ಎನ್ನುವವನ ಹಾಗೆ. ಸದ್ದೇ ಇಲ್ಲ.

"ಮುಗೀತಾ?" ಎಂದರು ಭಾವ. "ಹಾಡಲ್ಲಿ ಒಂದು ಪದಾನೂ ಇರ್ಲಿಲ್ಲ. ಸತ್ತವರನ್ನ ಬೀದಿಗೆ ತರೋದು ಅಂದೆ ನೀನು ಅವತ್ತು. ಯಾರೋ ಸತ್ತಿದಾರೆ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

ನಾನು ಚಿಂದಿ ಬಟ್ಟೆ ತೆಗೆದುಕೊಂಡು ಲೀವರನ್ನು ಒರೆಸತೊಡಗಿದೆ.

"ಟೇಪ್ ಮಾಡುವಾಗ ಆ ಲೀವರಿಗೆ ಎಣ್ಣೆ ಬಿಡಬಹುದಿತ್ತು, ಸದ್ದು ನಿಂತಿರೋದು. ಬೇಕೂಂತ್ಲೇ ಬಿಡ್ಲಿಲ್ಲ. ಮೈಕನ್ನ ಇನ್ನೂ ಹತ್ರ ಇಟ್ಟೆ. ಬೇರೆ ಯಾರಿಗೆ ಗೊತ್ತಾಗ್ದಿದ್ರೂ ನಿನಗೆ ಗೊತ್ತಾಗ್ಲಿ ಅಂತ. ನೀನು ಅಳ್ಲೇ ಇಲ್ಲ ಅಂತ ನಿನ್ ಹೆಂಡತಿ ಹೇಳಿದ್ಲು. ನಿನಗೇಂತ ಮಾಡಿದ್ದು ಕಣೋ ಅದು. ಮೊದಲ್ನೇ ಸಲ ಕಿರ್ ಅಂದಾಗ ನೀನು ತಲೆ ಎತ್ತಿದ್ದನ್ನ ನೋಡ್ದೆ. ಸರಿ, ಅಕ್ಕ ಸಿಕ್ಕಿದ್ಲು ಇವನಿಗೆ ಅಂದ್ಕೊಂಡೆ. ಎಷ್ಟು ಖುಷಿ ಆಯ್ತು ಅಂದ್ರೆ..."

ಲೀವರ್ ನನ್ನ ಕೈಯಲ್ಲೇ ಇತ್ತು. "ಬುಷ್ ತೆಗೀಬೇಡ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಭಾವ? ಕಣ್ಮುಂದೇನೇ ತೆಗೆದೆ. ಯಾಕೆ ತಡೀಲಿಲ್ಲ?"

"ಅವತ್ತು ನಾಲ್ಕು ನಿಮಿಷ ಹತ್ತು ಸೆಕೆಂಡು ಟೇಪ್ ಓಡ್ತಿತ್ತು" ಎಂದರು ಭಾವ. "ನಿನ್ ಬೆರಳು ಗುಂಡಿ ಪಕ್ಕದಲ್ಲೇ ಇತ್ತು. ಈಗ ನಿಲ್ಲಿಸ್ತಾನೆ, ಈಗ ನಿಲ್ಲಿಸ್ತಾನೆ ಅಂತ ಕೊನೇವರೆಗೂ ಕಾದೆ."

ಅವರು ಉಳಿದ ಚಹಾ ಕುಡಿದರು. ಲೋಟವನ್ನು ಬೆಂಚಿನ ಮೇಲೆ ನೆಟ್ಟಗೇ ಇಟ್ಟು, ಖಾಲಿ ಚೀಲ ಮಡಿಸಿ ಜೇಬಿಗೆ ಸೇರಿಸಿ ಹೊರಟುಹೋದರು. ಕೂಟಕ್ಕೆ ಮತ್ತೆ ಬರಲಿಲ್ಲ. ಮೇಡಂ ಕೂಡ ಆಮೇಲೆ ಬರುವುದು ನಿಲ್ಲಿಸಿದರು.

ಆ ದಿನ ಭಾವ ಹೋದ ಮೇಲೆ ಲೀವರನ್ನು ಇನ್ನೊಮ್ಮೆ ತಳ್ಳಿದೆ. ನುಣ್ಣಗೆ ಹೋಯಿತು, ನುಣ್ಣಗೆ ಬಂತು, ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಎಷ್ಟೋ ದಿನದಿಂದ ಮಾಡಿರಲಿಲ್ಲ. ಆಮೇಲೆ ಲೇತಿನ ಟ್ರೇ ಎಳೆದು ನೆಲದ ಮೇಲೆ ಸುರಿದುಕೊಂಡು, ಮಂಡಿಯೂರಿ ಕೂತು ಹಿತ್ತಾಳೆಯ ಚೂರುಗಳನ್ನು ಬೆರಳಿನಿಂದ ಬೇರೆ ಮಾಡತೊಡಗಿದೆ. ಅವುಗಳಲ್ಲಿ ಅಕ್ಕನ ಬುಷ್ಷಿನದು ಯಾವುದು, ನಾನು ಆಗಷ್ಟೇ ಕಡೆದದ್ದು ಯಾವುದು ಎಂದು ಗೊತ್ತಾಗಲಿಲ್ಲ.